ಪ್ರತಿಕ್ರಿಯೆ: ಮರಿ ಹವಳಕ್ಕೆ ಬೆಳಕೊಂದೇ ಸಾಲದೇ?

ಟ್ಯಾಂಕಿಗೆ ಒಳ್ಳೆ ಬೆಳಕಿದೆ, ಮತ್ತೆ ಮರಿ ಹವಳಕ್ಕೆ ಆಹಾರ ಯಾಕೆ, ಹಾಕಿದರೆ ಬಿಸಿ ತಡೆಯುತ್ತಾ ಅಂತ ಕೇಳಿದ್ದೀರಿ. ಜೀವ ಹಿಡಿದುಕೊಳ್ಳೋಕೆ ಬೆಳಕು ಸಾಕಾಗಬಹುದು, ಬೇಗ ಬೆಳೆಯೋಕೆ ಸಾಲದು. ಹವಳದ ಮೈಯೊಳಗಿನ ಸೂಕ್ಷ್ಮಪಾಚಿ ಬೆಳಕಿನಿಂದ ತಯಾರಿಸಿ ಕೊಡೋದು ಹೆಚ್ಚಾಗಿ ಸಕ್ಕರೆ, ಕೊಬ್ಬು. ಅಂದರೆ ಬರೀ ಇಂಧನ. ಮೈ ಕಟ್ಟೋಕೆ ಬೇಕಾದ ಸಾರಜನಕ, ರಂಜಕ ಹವಳ ಹಿಡಿದು ತಿನ್ನೋ ಪುಟ್ಟ ಜೀವಿಗಳಿಂದ ಚೆನ್ನಾಗಿ ಸಿಗುತ್ತೆ. ಆಗತಾನೇ ಕಲ್ಲಿಗಂಟಿದ ಪಾಲಿಪ್ (ಹವಳದ ಒಂದೊಂದು ಬಿಡಿ ಜೀವಿ) 1 ಮಿ.ಮೀ. ಆಸುಪಾಸು. ಮೇಲೆ ಹಸಿರು ಪಾಚಿ ಹಬ್ಬಿದರೆ, ಒಂದು ಬಸವನಹುಳು ಕೆರೆದುಕೊಂಡು ಹೋದರೆ ಕಥೆ ಮುಗೀತು. ಬೇಗ ದೊಡ್ಡದಾಗೋದೇ ಅದಕ್ಕೆ ರಕ್ಷಣೆ.

ಇನ್ನು ಬಿಸಿ. ನೀರು ಕಾದಾಗ ಹವಳ ಆ ಸೂಕ್ಷ್ಮಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತೆ. ಆಗ ಕೈಹಿಡಿಯೋದು ಕೂಡಿಟ್ಟ ಕೊಬ್ಬು, ಮತ್ತೆ ಬಾಯಿಗೆ ಸಿಕ್ಕ ತುತ್ತು. ಹಾಗಂತ ಹೀಟರ್ ಕೆಟ್ಟು ನೀರು ಕುದಿಯೋ ಹಾಗಾದರೆ ಊಟ ಮದ್ದಲ್ಲ!

ರಾತ್ರಿ ದೀಪ ಆರಿಸಿ, ಪಂಪ್ ನಿಲ್ಲಿಸಿ, ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ಪಿಪೆಟ್‌ನಲ್ಲಿ ಮೆಲ್ಲಗೆ ಹತ್ತಿರ ಬಿಡಿ. ಭೂತಗನ್ನಡಿ ಹಿಡಿದರೆ ಪುಟ್ಟ ಕಿತ್ತಳೆ ಚುಕ್ಕೆ ಬಾಯೊಳಗೆ ಇಳಿಯೋದು ಕಾಣುತ್ತೆ, ನೋಡೋಕೇ ಒಂದು ಖುಷಿ. ತೀರಾ ಸಣ್ಣ ಪಾಲಿಪ್‌ಗೆ ಇನ್ನೂ ಚಿಕ್ಕ ಸೂಕ್ಷ್ಮಜೀವಿಯಾದ ರೋಟಿಫರ್ ವಾಸಿ. ಉಳಿದದ್ದನ್ನು ಮಾತ್ರ ಹೀರಿ ತೆಗೆದುಬಿಡಿ. ಕೊಳೆತರೆ ಅದೇ ಹಸಿರು ಪಾಚಿಗೆ ಗೊಬ್ಬರ.