ಹೀಟೆಡ್ ಬೆಡ್‌ಗೆ ಯಾವ ರಿಲೇ ಹಾಕಬೇಕು?

ಪ್ರಶ್ನೆ: ಮಾಷ್ಟ್ರೇ, ನನ್ನದು ಬದಿಯಡ್ಕದ ಹತ್ತಿರ. ತೋಟದ ಸ್ಪ್ರಿಂಕ್ಲರ್ ಪೈಪಿಗೆ ಬೇಕಾಗುವ ಸಣ್ಣಪುಟ್ಟ ಸಾಮಾನನ್ನು ಮನೆಯಲ್ಲೇ 3ಡಿ ಪ್ರಿಂಟರ್‌ನಲ್ಲಿ ಮಾಡಿಕೊಳ್ಳುತ್ತೇನೆ. ರ‍್ಯಾಂಪ್ಸ್ 1.4 ಕಂಟ್ರೋಲ್ ಬೋರ್ಡ್; ಸಾಮಾನು ಪ್ರಿಂಟ್ ಆಗುವ ಬಿಸಿ ಹಲಗೆ, ಅಂದರೆ ಬೆಡ್, 12 ವೋಲ್ಟಿನದ್ದು. ಮೊನ್ನೆ ನೋಡಿದರೆ ಬೋರ್ಡಿಗೆ ಕರೆಂಟ್ ಬರುವ ಹಸಿರು ಕನೆಕ್ಟರ್ ಕರಟಿದೆ. ಬೆಡ್‌ನ ಕರೆಂಟನ್ನು ಬೋರ್ಡಿನ ಹೊರಗಿನಿಂದ ಕೊಡೋಣ ಅಂತ ಒಂದು ನೀಲಿ ರಿಲೇ ಮಾಡ್ಯೂಲ್, ಒಂದು ಎಸ್‌ಎಸ್‌ಆರ್-25ಡಿಎ (ಸಾಲಿಡ್ ಸ್ಟೇಟ್ ರಿಲೇ) ತಂದಿಟ್ಟಿದ್ದೇನೆ. ಅಂಗಡಿಯವರು 25 ಆಂಪಿಯರ್‌ನದ್ದು ಧಾರಾಳ ಸಾಕು ಎಂದರು. ಯಾವುದನ್ನು ಹಾಕಲಿ?

ಉತ್ತರ: ಎರಡೂ ಬೇಡ. ಅದರಲ್ಲೂ 25ಡಿಎ ಈ ಬೆಡ್‌ಗೆ ಖಂಡಿತ ಬೇಡ.

ನಾನೂ ಒಮ್ಮೆ ಅದನ್ನೇ ಹಾಕಿದ್ದೆ. ಬೆಡ್ 60 ಡಿಗ್ರಿಗೆ ಇಟ್ಟಿದ್ದೆ. 60 ಆದಾಗ ರಿಲೇಯ ದೀಪ ಆರಿತು. ಆದರೆ ಪರದೆಯಲ್ಲಿ 63, 67, 72 ಅಂತ ಏರುತ್ತಲೇ ಹೋಯಿತು. ಪ್ಲಗ್ ಕೀಳುವವರೆಗೆ ನಿಲ್ಲಲೇ ಇಲ್ಲ.

ರಿಲೇ ಕೆಟ್ಟಿರಲಿಲ್ಲ. ಡಿಎ ಅಂದರೆ ಸಿಗ್ನಲ್ ಡಿಸಿ, ಲೋಡ್ ಎಸಿ. ಒಳಗಿರುವ ಟ್ರಯಾಕ್ ಎಂಬ ಇಲೆಕ್ಟ್ರಾನಿಕ್ ಸ್ವಿಚ್ ಒಮ್ಮೆ ತೆರೆದರೆ, ಹರಿಯುವ ಕರೆಂಟ್ ಸೊನ್ನೆಗೆ ಬಂದಾಗ ಮಾತ್ರ ಮುಚ್ಚುತ್ತದೆ. ನೀರು ಪೂರ್ತಿ ನಿಂತ ಮೇಲಷ್ಟೇ ಮುಚ್ಚುವ ತೂಬಿನ ಹಾಗೆ. ಮನೆಯ 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ನಿಮ್ಮ 12 ವೋಲ್ಟ್ ಡಿಸಿ ಸೊನ್ನೆಗೆ ಬರುವುದೇ ಇಲ್ಲ ಅಲ್ವಾ? 25 ಆಂಪಿಯರ್ ಇರಲಿ, 100 ಆಂಪಿಯರ್ ಇರಲಿ, ಅದು ಆಫ್ ಆಗುವುದಿಲ್ಲ. ಆದ್ದರಿಂದ ಆಂಪಿಯರ್ ನೋಡುವ ಮೊದಲು ಅಕ್ಷರ ನೋಡಿ. ಡಿಸಿ ಲೋಡಿಗೆ ಡಿಡಿ ಎಂದಿರಬೇಕು.

ಇನ್ನು ನೀಲಿ ರಿಲೇ. ಮೊದಲು ನಿಮ್ಮ ಬೆಡ್ ಎಷ್ಟು ಎಳೆಯುತ್ತದೆ ಅಂತ ನೋಡೋಣ. ಬೆಡ್‌ನ ವಯರನ್ನು ಬೋರ್ಡಿನಿಂದ ಬಿಚ್ಚಿ, ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಇಷ್ಟು ಸಣ್ಣ ಅಳತೆಯಲ್ಲಿ ಅದೇ ದೊಡ್ಡ ವ್ಯತ್ಯಾಸ ಮಾಡುತ್ತದೆ. 1.2 ಓಮ್ ಬಂದರೆ 12 ವೋಲ್ಟಿಗೆ 10 ಆಂಪಿಯರ್, 120 ವಾಟ್. ನೀಲಿ ರಿಲೇಯ ಮೈಮೇಲೆ ಬರೆದಿರುವುದೂ 10 ಆಂಪಿಯರ್ರೇ. ಅಂದರೆ ಯಾವಾಗಲೂ ಅಂಚಿನಲ್ಲೇ ಓಡುತ್ತಿರುತ್ತದೆ.

ತೋಟದ ಪಂಪಿನ ಸ್ಟಾರ್ಟರ್ ಬಿಚ್ಚಿ ನೋಡಿದ್ದರೆ ನಿಮಗೆ ಗೊತ್ತು, ಪಾಯಿಂಟುಗಳು ಕಪ್ಪಾಗಿ ಗುಳಿ ಬಿದ್ದಿರುತ್ತವೆ. ನೀಲಿ ರಿಲೇಯೊಳಗೂ ಅಂಥ ಪಾಯಿಂಟುಗಳೇ ಇರುವುದು. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲ, ಆದ್ದರಿಂದ ಸವೆತ ಇನ್ನೂ ಜಾಸ್ತಿ. ಕೊನೆಗೆ ಪಾಯಿಂಟುಗಳು ಒಂದಕ್ಕೊಂದು ಬೆಸೆದುಕೊಂಡೂ ಬಿಡಬಹುದು. ಮಾರ್ಲಿನ್‌ನಲ್ಲಿ (ಬೋರ್ಡನ್ನು ನಡೆಸುವ ಫರ್ಮ್‌ವೇರ್ ಪ್ರೋಗ್ರಾಂ) ಬೆಡ್‌ಗೆ ಪಿಐಡಿ, ಅಂದರೆ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಲೆಕ್ಕಾಚಾರ, ಹಾಕಿದ್ದರಂತೂ ಸೆಕೆಂಡಿಗೆ ಏಳೆಂಟು ಸಲ ಆನ್-ಆಫ್ ಆಗುತ್ತದೆ. ಪೂರ್ತಿ ಲೋಡಿನಲ್ಲಿ ಒಂದು ಲಕ್ಷ ಸಲ ಬಾಳುವ ರಿಲೇ ಈ ಲೆಕ್ಕದಲ್ಲಿ ನಾಲ್ಕು ಗಂಟೆಯೊಳಗೆ ಅಷ್ಟನ್ನೂ ಮುಗಿಸುತ್ತದೆ.

ನಿಮಗೆ ಬೇಕಾಗಿರುವುದು ಮಾಸ್‌ಫೆಟ್ ಮಾಡ್ಯೂಲ್, ಅಂದರೆ ಡಿಸಿಯನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಸ್ವಿಚ್. 3ಡಿ ಪ್ರಿಂಟರ್ ಬೆಡ್‌ಗೆ ಎಂದೇ ಹೀಟ್‌ಸಿಂಕ್ ಹಾಕಿ ಮಾರುತ್ತಾರೆ. ಟ್ರಯಾಕ್ ರಿಲೇಯೊಳಗೆ ಒಂದು, ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. 10 ಆಂಪಿಯರ್‌ಗೆ ಅದು 10ರಿಂದ 15 ವಾಟ್ ಬಿಸಿ. ಒಳ್ಳೆಯ ಮಾಸ್‌ಫೆಟ್‌ನ ತಡೆ 5 ಮಿಲಿಓಮ್ ಇದ್ದರೆ ಅದೇ ಕರೆಂಟಿಗೆ ಬರೀ ಅರ್ಧ ವಾಟ್. ಪಿಐಡಿ ಎಷ್ಟು ಸಲ ಆನ್-ಆಫ್ ಮಾಡಿದರೂ ಸವೆಯಲು ಅದರಲ್ಲಿ ಪಾಯಿಂಟೇ ಇಲ್ಲ. ಬೋರ್ಡಿನಲ್ಲಿ ಬೆಡ್‌ಗೆಂದಿರುವ ಡಿ8 ಔಟ್‌ಪುಟ್ಟನ್ನು ಮಾಡ್ಯೂಲಿನ ಸಿಗ್ನಲ್‌ಗೆ ಕೊಡಿ, ಬೆಡ್‌ಗೆ ಕರೆಂಟ್ ನೇರ ಎಸ್‌ಎಂಪಿಎಸ್‌ನಿಂದ (12 ವೋಲ್ಟ್ ಕೊಡುವ ಪವರ್ ಸಪ್ಲೈ) ಬರಲಿ.

ಆದರೆ ಕನೆಕ್ಟರ್ ಕರಟಿದ್ದು ಯಾಕೆ ಅಂತ ನೋಡದೆ ಹೊಸದನ್ನು ಜೋಡಿಸಬೇಡಿ. ಹೆಚ್ಚಾಗಿ ಅದು ಸಡಿಲ ಸ್ಕ್ರೂವಿನ ಕೆಲಸ. ವಯರಿನ ತುದಿಗೆ ಸೋಲ್ಡರ್ ಹಾಕಿ ಸ್ಕ್ರೂ ಬಿಗಿದಿದ್ದೀರಾ? ಸೋಲ್ಡರ್ ಮೆತ್ತಗಿನ ಲೋಹ. ಒತ್ತಡಕ್ಕೆ ನಿಧಾನ ಚಪ್ಪಟೆಯಾಗುತ್ತದೆ, ಜೋಡಣೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ ಏರುತ್ತದೆ. 2.5 ಚದರ ಮಿಲಿಮೀಟರಿನ ಬಹುಎಳೆ ವಯರ್ ತನ್ನಿ, ತುದಿಗೆ ಫೆರೂಲ್ (ಲೋಹದ ಸಣ್ಣ ಕೊಳವೆ) ಹಾಕಿ ಒತ್ತಿ. ಎಸ್‌ಎಂಪಿಎಸ್‌ನ ಪಾಸಿಟಿವ್‌ನಲ್ಲೇ ಒಂದು 15 ಆಂಪಿಯರ್ ಫ್ಯೂಸ್ ಇರಲಿ. ಅರ್ಧ ಗಂಟೆ ಬೆಡ್ ಕಾಯಿಸಿ, ಕರೆಂಟ್ ತೆಗೆದು, ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡಿ. ಎಲ್ಲಿ ಕೈ ಸುಡುತ್ತದೋ ಅಲ್ಲಿ ಕೆಲಸ ಬಾಕಿ ಇದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಮಾಸ್‌ಫೆಟ್ ಆಗಲಿ ಎಸ್‌ಎಸ್‌ಆರ್ ಆಗಲಿ, ಕೆಟ್ಟರೆ ಹೆಚ್ಚಾಗಿ ಆನ್ ಆಗಿಯೇ ಉಳಿಯುತ್ತವೆ. ಆಗ ಫರ್ಮ್‌ವೇರ್ ಎಷ್ಟೇ ಆಫ್ ಅಂದರೂ ಕೇಳುವವರಿಲ್ಲ. ಅದಕ್ಕೆ ಮುಂದೆ ಒಬ್ಬ ಕಾವಲುಗಾರ ಬೇಕು. ಕುಂಬಳೆಯಲ್ಲೋ ಉಪ್ಪಳದಲ್ಲೋ ವಾಹನಗಳ ಇಲೆಕ್ಟ್ರಿಕಲ್ ಅಂಗಡಿಗೆ ಹೋಗಿ 12 ವೋಲ್ಟಿನ, 30 ಆಂಪಿಯರ್‌ನ ಹೆಡ್‌ಲೈಟ್ ರಿಲೇ ಕೇಳಿ. ಅದು ಡಿಸಿಗೆಂದೇ ಮಾಡಿದ್ದು. ಫ್ಯೂಸ್‌ನಿಂದ ಬರುವ ವಯರನ್ನು 30ಕ್ಕೆ ಕೊಡಿ, 87ರಿಂದ ಮಾಸ್‌ಫೆಟ್ ಮಾಡ್ಯೂಲಿಗೆ ಒಯ್ಯಿರಿ. 85, 86 ಅದರ ಕಾಯಿಲ್. ಕಾಯಿಲಿಗೆ 12 ವೋಲ್ಟ್ ಹೋಗುವ ದಾರಿಯಲ್ಲಿ, ಬೆಡ್‌ನ ಅಡಿಗೆ ಭದ್ರವಾಗಿ ಕೂರಿಸಿದ ಥರ್ಮೋಸ್ಟ್ಯಾಟ್ ಸ್ವಿಚ್ ಇರಲಿ, ಬಿಸಿಯಾದಾಗ ಬಿಚ್ಚಿಕೊಳ್ಳುವ ಬಗೆಯದ್ದು. ಬೆಡ್ 80 ದಾಟುವುದಿಲ್ಲವಾದರೆ 100 ಡಿಗ್ರಿಯದ್ದು, ಎಬಿಎಸ್ ಪ್ಲಾಸ್ಟಿಕ್‌ಗೆ 110ರವರೆಗೆ ಕಾಯಿಸುವುದಾದರೆ 130ರದ್ದು. ರೀಸೆಟ್ ಬಟನ್ ಇರುವಂಥದ್ದು ಸಿಕ್ಕಿದರೆ ಒಳ್ಳೆಯದು, ಇಲ್ಲವಾದರೆ ತಣಿದ ಮೇಲೆ ತಾನಾಗಿ ಮತ್ತೆ ಆನ್ ಆಗುತ್ತದೆ. ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡನ್ನು ಹಾಕಿ, ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಈ ರಿಲೇ ದಿನಕ್ಕೆ ಒಂದೆರಡು ಸಲ ಮಾತ್ರ ಬಡಿಯುವುದರಿಂದ ಸವೆಯುವ ಚಿಂತೆ ಇಲ್ಲ.

ತಂದಿಟ್ಟ 25ಡಿಎಯನ್ನು ಎಸೆಯಬೇಡಿ. ಮುಂದೆ 230 ವೋಲ್ಟಿನ ಸಿಲಿಕೋನ್ ಹೀಟರ್ ಹಾಕುವುದಾದರೆ ಅದೇ ಬಗೆಯದ್ದು ಬೇಕು. ಆದರೆ ಆಗ ಬೆಡ್‌ನ ಅಲ್ಯುಮಿನಿಯಂ ಹಲಗೆಗೆ ಅರ್ಥ್ ವಯರ್ ಬೋಲ್ಟ್ ಹಾಕಿ ಬಿಗಿದಿರಬೇಕು, ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇರಬೇಕು. ನಮ್ಮ ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಅದಕ್ಕೆ ನೀರು ಹಾಕಿ, ಇಲೆಕ್ಟ್ರಿಶಿಯನ್‌ನಿಂದ ಅಳತೆ ಮಾಡಿಸಿದ ಮೇಲಷ್ಟೇ ಆ ಕೆಲಸಕ್ಕೆ ಕೈ ಹಾಕಿ.