ಎಂ2×4 ಬೇಕೋ, ಎಂ2.5×5 ಬೇಕೋ?

ಫ್ಯಾನ್ ಕ್ಲೀನ್ ಮಾಡುವಾಗ ಲ್ಯಾಪ್‌ಟಾಪ್ ತಳದ ಮೂರು ಸ್ಕ್ರೂ ಕಳೆದುಹೋದವು, ಆನ್‌ಲೈನ್‌ನಲ್ಲಿ ‘ಎಂ2×4’, ‘ಎಂ2.5×5’ ಅಂತೆಲ್ಲ ಇದೆ, ಯಾವುದು ತರಿಸಲಿ ಅಂತ ಕೇಳಿದ್ದೀರಿ.

ಎಂ ಅಂದರೆ ಮೆಟ್ರಿಕ್. ಮೊದಲ ಅಂಕಿ ಥ್ರೆಡ್ (ಸುರುಳಿ ಗೆರೆ) ಇರುವ ಭಾಗದ ದಪ್ಪ, ಎರಡನೆಯದು ಉದ್ದ, ಎರಡೂ ಮಿಲಿಮೀಟರಿನಲ್ಲಿ. ಅಷ್ಟೇ. ಎಡವಟ್ಟಾಗುವುದು ಉದ್ದದಲ್ಲಿ. ಮಾಮೂಲಿ ತಲೆಯ ಸ್ಕ್ರೂ ಆದರೆ ತಲೆ ಬಿಟ್ಟು ಅಳೆಯಬೇಕು. ತಲೆಯ ಕೆಳಭಾಗ ಲಾಳಿಕೆಯಂತೆ ಇಳಿಜಾರಾಗಿದ್ದು ಪೂರ್ತಿ ಒಳಗೆ ಕೂರುವಂಥದ್ದಾದರೆ ತಲೆ ಸೇರಿಸಿ ಅಳೆಯಬೇಕು.

ಉದ್ದ ಜಾಸ್ತಿಯಾದರೆ ಏನಾಗುತ್ತೆ ಅಂತೀರಾ? ನಾನೊಮ್ಮೆ 3 ಮಿ.ಮೀ. ಜಾಗಕ್ಕೆ 5ರದ್ದು ತಿರುಗಿಸಿದೆ. ಕೀಬೋರ್ಡ್ ಕೆಳಗೆ ಅಂಗೈ ಊರುವಲ್ಲಿ ಮೊಡವೆ ಥರ ಉಬ್ಬಿತು. ಇವತ್ತಿಗೂ ಟೈಪ್ ಮಾಡುವಾಗ ಕೈಗೆ ತಗಲುತ್ತೆ. ಪುಣ್ಯಕ್ಕೆ ಒಳಗಿನ ಮದರ್‌ಬೋರ್ಡಿಗೆ ತಾಗಲಿಲ್ಲ.

ಉಳಿದಿರುವ ಸ್ಕ್ರೂಗಳಲ್ಲಿ ಒಂದನ್ನು ಕ್ಯಾಲಿಪರ್‌ನಲ್ಲಿ (ದಪ್ಪ ಅಳೆಯುವ ಸಾಧನ) ಹಿಡಿದು ನೋಡಿ. ಹೊಸ ಸ್ಕ್ರೂ ಕೂಡ ಒಂದು ಕೂದಲೆಳೆ ಕಡಿಮೆಯೇ ತೋರಿಸುತ್ತೆ, ದಪ್ಪ 1.95 ಮಿ.ಮೀ. ಬಂದರೆ ಅದು ಎಂ2. ಆದರೆ ತಳದ ಎಲ್ಲ ಸ್ಕ್ರೂ ಒಂದೇ ಉದ್ದ ಇರಲಿಕ್ಕಿಲ್ಲ, ಹಿಂಜ್ ಹತ್ತಿರ ಹೆಚ್ಚಾಗಿ ಉದ್ದದವು ಇರುತ್ತವೆ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಸಿಕ್ಕಿದರೆ ಯಾವ ತೂತಿಗೆ ಯಾವುದು ಅಂತ ಅದರಲ್ಲೇ ಇರಬಹುದು.

ಹಾಸನದಲ್ಲೇ ಇದ್ದೀರಲ್ವಾ, ಸುಮ್ನೆ ಪೂರ್ತಿ ಪ್ಯಾಕೆಟ್ ಯಾಕೆ? ಒಂದು ಸ್ಕ್ರೂವನ್ನು ಸೆಲ್ಲೋಟೇಪಿಗೆ ಅಂಟಿಸಿಕೊಂಡು ಯಾವುದಾದರೂ ರಿಪೇರಿ ಅಂಗಡಿಗೆ ಹೋಗಿ. ಹಳೆಯ ಲ್ಯಾಪ್‌ಟಾಪ್ ಬಿಚ್ಚಿದ ಸ್ಕ್ರೂಗಳ ಡಬ್ಬಿ ಇದ್ದೇ ಇರುತ್ತೆ. ಹಾಕುವಾಗ ಮೊದಲ ಎರಡು ಸುತ್ತು ಬೆರಳಲ್ಲೇ ತಿರುಗಿಸಿ. ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಎಂ2 ತೂತಿಗೆ ಎಂ2.5 ತುರುಕಿದರೆ ಒಳಗಿನ ಹಿತ್ತಾಳೆ ನಟ್ಟೇ ಕಿತ್ತು ಬರಬಹುದು.