ನೋಡುವಾಗ ತಿಳಿದದ್ದು ಬರೆಯುವಾಗ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಎನ್‌ಪಿಟಿಇಎಲ್‌ನ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ವೇದಿಕೆ) 12 ವಾರಗಳ ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿದ್ದೇನೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಅಸೈನ್‌ಮೆಂಟ್ ತೆರೆದರೆ ಕೈಯೇ ಓಡುವುದಿಲ್ಲ. ಒಂದೇ ಪಾಠವನ್ನು ಮೂರು ಸಲ ನೋಡಿದ್ದೂ ಉಂಟು. ನನ್ನ ಗ್ರಹಣಶಕ್ತಿಯೇ ಕಡಿಮೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಅಲ್ಲ. ಮೇಷ್ಟ್ರು ಲೆಕ್ಕ ಬಿಡಿಸುವುದನ್ನು ನೀವು ಸರಿಯಾಗಿಯೇ ಗ್ರಹಿಸಿದ್ದೀರಿ. ನೀವೇ ಬಿಡಿಸುವುದು ಮಾತ್ರ ಇನ್ನೂ ಆಗಿಲ್ಲ. ಅಮ್ಮ ಹೋಳಿಗೆ ತಟ್ಟುವುದನ್ನು ಹತ್ತು ವರ್ಷ ನೋಡಿದವರ ಕೈಯಲ್ಲೂ ಮೊದಲ ಹೋಳಿಗೆಯ ಹೂರಣ ಹೊರಗೆ ಬರುತ್ತದೆ.

ಬೈನರಿ ಸರ್ಚ್ ಪಾಠವನ್ನೇ ತೆಗೆದುಕೊಳ್ಳಿ. ಏರಿಕೆ ಕ್ರಮದಲ್ಲಿರುವ ಸಂಖ್ಯೆಗಳಲ್ಲಿ ನಡುವಿನದನ್ನು ನೋಡಿ, ಬೇಡದ ಅರ್ಧವನ್ನು ಬಿಡುತ್ತಾ ಹುಡುಕುವ ವಿಧಾನ ಇದು. 3, 8, 12, 19, 25, 31, 40 ಎಂಬ ಏಳು ಸಂಖ್ಯೆಗಳಲ್ಲಿ 40 ಅನ್ನು ಹುಡುಕಬೇಕು. ಮೇಷ್ಟ್ರು ನಡುವಿನ 19 ಅನ್ನು ತೋರಿಸಿ, 'ಇನ್ನು ಬಲಭಾಗ' ಎನ್ನುವಷ್ಟರಲ್ಲಿ ವಿಡಿಯೊ ನಿಲ್ಲಿಸಿ. ಮುಂದಿನ ಹೆಜ್ಜೆಗಳನ್ನು ಹಾಳೆಯ ಮೇಲೆ ನೀವೇ ಬರೆಯಿರಿ. ಸ್ಥಾನಗಳನ್ನು ಸೊನ್ನೆಯಿಂದ ಎಣಿಸಿದರೆ 19 ಇರುವುದು 3ರಲ್ಲಿ. ಇನ್ನು ಹುಡುಕಬೇಕಾದ ಭಾಗದ ಎಡ ಅಂಚನ್ನು 4ಕ್ಕೆ ಸರಿಸಬೇಕೋ, 3ರಲ್ಲೇ ಇಡಬೇಕೋ? ನೋಡುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ನಡುವಿನ ಸ್ಥಾನವನ್ನೇ ಪ್ರತಿ ಸಲವೂ ಎಡ ಅಂಚಾಗಿಸುತ್ತಾ ಹೋದರೆ, ಕೊನೆಗೆ ಅಂಚುಗಳು 5 ಮತ್ತು 6 ಆದಾಗ ನಡುವಿನ ಸ್ಥಾನ (5.5ರಲ್ಲಿ ದಶಮಾಂಶ ಬಿಟ್ಟು) ಮತ್ತೆ 5 ಎಂದೇ ಬರುತ್ತದೆ. 40 ಸಿಗುವುದೇ ಇಲ್ಲ, ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೆಯುತ್ತದೆ. ಒಂದು ಸಲ ಹೀಗೆ ಸಿಕ್ಕಿಕೊಂಡು ಬಿಡಿಸಿಕೊಂಡವರು, ನಡುವಿನ ಸ್ಥಾನಕ್ಕೆ ಒಂದು ಕೂಡಿಸುವುದನ್ನು ಮರೆಯಲಾರರು.

ಮೂರು ಸಲ ನೋಡಿದರೂ ಪ್ರಯೋಜನವಾಗದ ಬಗ್ಗೆ ಬೇಸರ ಬೇಡ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲಿನ ಪರೀಕ್ಷೆಯಲ್ಲಿ ಮಾತ್ರ, ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ಮರುದಿನದ ಪಾಠ ತೆರೆಯುವ ಮೊದಲು ಹಿಂದಿನದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಬಾರದಿದ್ದಲ್ಲಿ ಜಾಗ ಬಿಡಿ. ಆಮೇಲೆ ಆ ಭಾಗವನ್ನಷ್ಟೇ ನೋಡಿದರೆ ಸಾಕು.

ಇನ್ನೊಂದು ಮಾತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಅಸೈನ್‌ಮೆಂಟ್ ಉತ್ತರಗಳನ್ನು ದಯವಿಟ್ಟು ಮುಟ್ಟಬೇಡಿ. ಅಸೈನ್‌ಮೆಂಟಿಗೆ ಇರುವುದು 25 ಅಂಕ. ಉಳಿದ 75 ಅಂಕದ ಪರೀಕ್ಷೆಯನ್ನು ಕೇಂದ್ರದಲ್ಲಿ ಕುಳಿತು ನೀವೊಬ್ಬರೇ ಬರೆಯಬೇಕು.

ಪ್ರಶ್ನೆ: ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಎರಡು ಪಟ್ಟು ವೇಗದಲ್ಲಿ ಪಾಠ ನೋಡುತ್ತೇನೆ. ಇದು ಸರಿಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಗೊತ್ತಿರುವ ವಿಷಯವಾದರೆ ಅಡ್ಡಿಯಿಲ್ಲ. ಹೊಸ ಪಾಠವನ್ನು ಬಸ್ಸಿಗೆ ಇಟ್ಟುಕೊಳ್ಳಬೇಡಿ. ಅಲ್ಲಿ ನಿಲ್ಲಿಸಿ ಬರೆಯಲು ಹಾಳೆಯೂ ಇಲ್ಲ, ಕೈಗೆ ಬಿಡುವೂ ಇಲ್ಲ. ಬಸ್ಸಿನಲ್ಲಿ ಫೋನನ್ನು ಜೇಬಿನಲ್ಲಿಟ್ಟು, ನಿನ್ನೆ ಕಲಿತದ್ದನ್ನು ಪಕ್ಕದ ಸೀಟಿನವರಿಗೆ ವಿವರಿಸುವಂತೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಲ್ಲಿ ತಡವರಿಸಿದಿರಿ ಎಂಬುದನ್ನು ನೆನಪಿಟ್ಟುಕೊಂಡು, ರಾತ್ರಿ ಮನೆಯಲ್ಲಿ ಅಲ್ಲಿಂದಲೇ ವಿಡಿಯೊ ತೆರೆಯಿರಿ.